ಓಟಿಪಿ ತಮ್ಮನ ಫೋನಿಗೆ ಬರುತ್ತದೆ

ಅರ್ಜಿಗೆ ಅದು ಕೊನೆಯ ದಿನ. ಸಂಜೆ ನಾಲ್ಕೂವರೆಗೆ ಆಕೆ ಗ್ರಂಥಾಲಯದ ಬಾಗಿಲಲ್ಲಿ ನಿಂತಳು. ಕೊಪ್ಪಳ ಕಡೆಯ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಅದು. ಶಾಲೆಯಿಂದ ನಿವೃತ್ತನಾದ ಮೇಲೆ ವಾರಕ್ಕೆರಡು ಮಧ್ಯಾಹ್ನ ಅಲ್ಲಿ ಕೂರುತ್ತೇನೆ. ಯಾರಾದರೂ ಕೆಲಸದ ಅರ್ಜಿ ಹಿಡಿದು ಬಂದರೆ ಪಕ್ಕದಲ್ಲಿ ಕೂತು ತುಂಬಿಸುವುದು ನಾನು ಹಚ್ಚಿಕೊಂಡ ಕೆಲಸ. ಆಕೆಯ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಜೆರಾಕ್ಸು, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ. ಕೈಯಲ್ಲಿ ಮೊಬೈಲು. ತನ್ನೂರಿನಲ್ಲೇ ಖಾಲಿಯಾದ ಒಂದು ಸಣ್ಣ ಹುದ್ದೆಗೆ ಆಕೆ ಅರ್ಜಿ ಹಾಕಬೇಕಿತ್ತು. ಬೆಳಿಗ್ಗೆಯಿಂದ ತಾಲ್ಲೂಕಿನ ಎರಡು ಸೈಬರ್ ಸೆಂಟರುಗಳಲ್ಲಿ ಸರದಿ ನಿಂತು, ಎರಡರಲ್ಲೂ 'ಸರ್ವರ್ ಇಲ್ಲ' ಎಂಬ ಮಾತು ಕೇಳಿ, ಬಸ್ ಹತ್ತಿ ಬಂದಿದ್ದಳು.

ಅರ್ಜಿ ಅರ್ಧ ತುಂಬಿತು. ಆಮೇಲೆ ಆಧಾರ್ ಓಟಿಪಿ ಕೇಳಿತು. ಆಕೆ ನನ್ನ ಮುಖ ನೋಡಿದಳು. "ಓಟಿಪಿ ತಮ್ಮನ ಫೋನಿಗೆ ಹೋಗ್ತದ್ರಿ ಸರ್. ಅವ ಬೆಂಗಳೂರಾಗ ಗೌಂಡಿ ಕೆಲಸದಾಗ ಇರ್ತಾನ್ರಿ. ಕೆಲಸದ್ ಹೊತ್ತಿನ್ಯಾಗ ಫೋನ್ ಎತ್ತಂಗಿಲ್ರಿ." ಆಧಾರ್ ಮಾಡಿಸಿದಾಗ ಮನೆಯಲ್ಲಿದ್ದದ್ದು ಒಂದೇ ಸಿಮ್, ಅದು ತಮ್ಮನದು. ಅವನು ವಾಪಸು ಕರೆ ಮಾಡಿದ್ದು ಏಳೂವರೆಗೆ. ಹೊಸ ಓಟಿಪಿ ಕೇಳಿದೆವು, ಬಂತು. ಅವನು ಅಂಕಿಗಳನ್ನು ಓದಿ ಹೇಳುವಷ್ಟರಲ್ಲಿ ಪುಟ ಮತ್ತೆ ಮೊದಲಿಗೆ ಹೋಗಿತ್ತು. ಒಂಬತ್ತರವರೆಗೂ ಪ್ರಯತ್ನಿಸಿದೆವು. ಅರ್ಜಿ ಹೋಗಲಿಲ್ಲ.

ಇದಾದ ವಾರಕ್ಕೆ ಒಂದು ಸಭೆಯಲ್ಲಿ ಈ ಪ್ರಸಂಗ ಹೇಳಿದೆ. ಓದಿಕೊಂಡವರು, ಒಳ್ಳೆಯವರೇ ಒಬ್ಬರು ತಟ್ಟನೆ ಉತ್ತರ ಕೊಟ್ಟರು: "ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇಡೀ ದಿನ ರೀಲ್ಸ್ ನೋಡೋಕೆ ಬರುತ್ತೆ, ಒಂದು ಅರ್ಜಿ ಹಾಕೋಕೆ ಬರಲ್ವಾ? ಮನಸ್ಸಿಲ್ಲ, ಅಷ್ಟೆ." ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಕಚೇರಿಗಳಲ್ಲಿ, ಟೀವಿ ಚರ್ಚೆಗಳಲ್ಲಿ, ಮದುವೆಮನೆಯ ಹರಟೆಯಲ್ಲಿ, ಕಂಪನಿಗಳ ನೇಮಕಾತಿ ವಿಭಾಗದವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ಸುಳ್ಳು. ಕೆಲಸ ಹುಡುಕುವ ಬಡವರಿಗೆ ನಾವು ಸಲ್ಲಿಸಬೇಕಾದದ್ದನ್ನು ಸಲ್ಲಿಸದೆ, ತಪ್ಪನ್ನು ಅವರ ಮೇಲೆಯೇ ಹೊರಿಸಿ ನಿರಾಳವಾಗಿರಲು ನಾವು ಕಂಡುಕೊಂಡ ಸುಳ್ಳು.

ಮೊಬೈಲ್ ಹರಡಿದೆ ಎಂಬ ಅರ್ಧ ಸತ್ಯವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗ್ಗೆ 2023ರಲ್ಲಿ ನಡೆದ 'ಅಸರ್' ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಕಂಡಿತು. ಆದರೆ ಅದೇ ಸಮೀಕ್ಷೆಯನ್ನು ಪೂರ್ತಿ ಓದಬೇಕು. ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇಕಡಾ 43.7 ಮಂದಿಗೆ ಸ್ವಂತ ಫೋನಿತ್ತು, ಹುಡುಗಿಯರಲ್ಲಿ ಶೇಕಡಾ 19.8 ಮಂದಿಗೆ ಮಾತ್ರ. ಮನೆಯಲ್ಲಿ ಫೋನಿರುವುದು ಬೇರೆ, ಅದು ನನ್ನದಾಗಿರುವುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಶೇಕಡಾ 35, ಗಂಡಸರಲ್ಲಿ ಶೇಕಡಾ 62. ಐಟಿ ರಾಜಧಾನಿ ಇರುವ ರಾಜ್ಯದ ಲೆಕ್ಕ ಇದು. ಆಮೇಲಿನ ವರ್ಷಗಳಲ್ಲಿ ಸಂಖ್ಯೆ ಏರಿರುತ್ತದೆ, ಸಂದೇಹವಿಲ್ಲ. ಆದರೆ ಓಟಿಪಿ ಯಾರ ಜೇಬಿನಲ್ಲಿ ಸದ್ದು ಮಾಡುತ್ತದೆ ಎಂಬ ಪ್ರಶ್ನೆ ಅಷ್ಟಕ್ಕೆ ಬಗೆಹರಿಯುವುದಿಲ್ಲ.

'ರೀಲ್ಸ್ ನೋಡೋಕೆ ಬರುತ್ತಲ್ಲ' ಎಂಬ ವಾದಕ್ಕೆ ಇನ್ನೂ ನೇರವಾದ ಉತ್ತರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲೇ ಇದೆ. 2022-23ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 15ರಿಂದ 29ರ ವಯಸ್ಸಿನವರನ್ನು ಕೇಳಿದಾಗ, ಚಿತ್ರವನ್ನೋ ಕಡತವನ್ನೋ ಅಂಟಿಸಿ ಸಂದೇಶ ಕಳಿಸಬಲ್ಲೆವು ಎಂದವರು ಶೇಕಡಾ 78.4. ಮಾಹಿತಿ ಹುಡುಕುವುದು, ಇಮೇಲ್ ಕಳಿಸುವುದು, ಆನ್‌ಲೈನಿನಲ್ಲಿ ಹಣ ಪಾವತಿಸುವುದು ಈ ಮೂರನ್ನೂ ಮಾಡಬಲ್ಲವರು ಶೇಕಡಾ 26.8. ಕೆಲಸದ ಅರ್ಜಿ ಎಂದರೆ ಈ ಮೂರೂ ಒಟ್ಟಿಗೆ: ಪ್ರಕಟಣೆ ಹುಡುಕಬೇಕು, ಇಮೇಲ್ ಇರಬೇಕು, ಶುಲ್ಕ ಕಟ್ಟಬೇಕು. ವಾಟ್ಸಾಪಿನಲ್ಲಿ ಫೋಟೊ ಕಳಿಸಬಲ್ಲ ಮೂವರಲ್ಲಿ ಸುಮಾರು ಇಬ್ಬರು ಇಲ್ಲಿ ಬಂದು ನಿಲ್ಲುತ್ತಾರೆ. ಅಷ್ಟೊಂದು ಮಂದಿ ಒಂದೇ ಜಾಗದಲ್ಲಿ ಎಡವುತ್ತಿದ್ದರೆ ಎಡವಿದವರ ಮನಸ್ಸನ್ನು ದೂರುವ ಮೊದಲು ಅಲ್ಲಿರುವ ಕಲ್ಲನ್ನು ನೋಡಬೇಕಲ್ಲವೆ?

ಆ ಕಲ್ಲನ್ನು ನಾನು ವಾರಕ್ಕೆರಡು ಸಲ ಮುಟ್ಟಿ ನೋಡುತ್ತೇನೆ. ಫೋಟೊ ಐವತ್ತು ಕೆಬಿಯೊಳಗಿರಬೇಕು, ಸಹಿ ಇಪ್ಪತ್ತು ಕೆಬಿಯೊಳಗೆ. ಮೊಬೈಲಿನಲ್ಲಿ ತೆಗೆದ ಫೋಟೊ ಮೂರು ಎಂಬಿ. ಅಂಕಪಟ್ಟಿ ಪಿಡಿಎಫ್ ಆಗಬೇಕು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ತುಂಬಬೇಕು, ಜೆರಾಕ್ಸಿನಲ್ಲಿ ಅದರ ಕೊನೆಯ ಎರಡು ಅಂಕಿ ಮಾಸಿಹೋಗಿವೆ. ನಮ್ಮ ಭಾಗದವರಾದರೆ 371-ಜೆ ಅರ್ಹತಾ ಪತ್ರವೂ ಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರು. ಶಾಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಪೂರ್ತಿ, ಮದುವೆಯಾದ ಮೇಲೆ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು. ಒಬ್ಬಳೇ ಹೆಣ್ಣುಮಗಳು, ನಾಲ್ಕು ದಾಖಲೆ, ನಾಲ್ಕು ಹೆಸರು. ಯಂತ್ರಕ್ಕೆ ಅವರು ನಾಲ್ವರು. ಸರಿಪಡಿಸಲು ಎಲ್ಲಿಗೆ ಹೋಗಬೇಕು, ಯಾವುದನ್ನು ಮೊದಲು ಬದಲಿಸಬೇಕು ಎಂದು ಯಾವ ಪುಟದಲ್ಲೂ ಬರೆದಿಲ್ಲ.

ಸಭೆಯಲ್ಲಿ ತಲೆಯಾಡಿಸಿದವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗನೋ ಮಗಳೋ ಮೊದಲ ಕೆಲಸಕ್ಕೆ ಅರ್ಜಿ ಹಾಕಿದ ದಿನ ನೆನಪಿದೆಯೆ? ಬಯೋಡೇಟಾ ನೋಡಿಕೊಟ್ಟವನು ಬೆಂಗಳೂರಿನಲ್ಲಿರುವ ಸೋದರಮಾವನ ಮಗ. ಪ್ರಿಂಟು ಬಂದದ್ದು ನಿಮ್ಮ ಕಚೇರಿಯಿಂದ. ಲ್ಯಾಪ್‌ಟಾಪ್ ಮನೆಯದು, ವೈಫೈ ಮನೆಯದು, ವಿಡಿಯೊ ಸಂದರ್ಶನಕ್ಕೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಆ ಅರ್ಧ ಗಂಟೆ ಕುಕ್ಕರ್ ಇಡದೆ ಸುಮ್ಮನಿದ್ದ ಅಮ್ಮ. ಇದನ್ನೆಲ್ಲ ನಾವು ಸಹಾಯ ಎಂದು ಕರೆಯುವುದಿಲ್ಲ. ಮನೆಯ ಗಾಳಿ ಬೆಳಕಿನಂತೆ ಅದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಇಷ್ಟನ್ನೂ ಬೆನ್ನ ಹಿಂದೆ ಇಟ್ಟುಕೊಂಡ ಹುಡುಗನಿಗೆ 'ಸ್ವಂತ ಪ್ರಯತ್ನ' ಎಂಬ ಹೆಸರು, ಇದ್ಯಾವುದೂ ಇಲ್ಲದವಳಿಗೆ 'ಕೌಶಲ್ಯದ ಕೊರತೆ' ಎಂಬ ಹೆಸರು. ಅಸರ್ ವರದಿಯ ಇನ್ನೊಂದು ಅಂಕಿ ಇದನ್ನೇ ಹೇಳುತ್ತದೆ: ಮನೆಯಲ್ಲಿ ಕಂಪ್ಯೂಟರ್ ಇದ್ದ ಮಕ್ಕಳಲ್ಲಿ ಶೇಕಡಾ 85 ಮಂದಿಗೆ ಅದನ್ನು ಬಳಸಲು ಬರುತ್ತದೆ, ಇಲ್ಲದವರಲ್ಲಿ ಶೇಕಡಾ 34ಕ್ಕಿಂತ ಕಡಿಮೆ. ಕಂಪ್ಯೂಟರ್ ಇದ್ದದ್ದು ನೂರಕ್ಕೆ ಒಂಬತ್ತು ಮನೆಗಳಲ್ಲಿ. ಈ ಅಂತರದಲ್ಲಿ ಬುದ್ಧಿಯ ಪಾತ್ರ ಎಲ್ಲಿದೆ?

ಬಡವರಿಗೆ ಯಂತ್ರ ಎಟುಕುವಂತೆ ಮಾಡುವುದು ನಮಗೆ ಹೊಸದೇನಲ್ಲ. ನಾನು ಪಿಯುಸಿ ಮುಗಿಸಿದ ಕಾಲದಲ್ಲಿ ಪ್ರತಿ ತಾಲ್ಲೂಕಿನಲ್ಲೂ ಒಂದೆರಡು ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವು. ಬಸ್‌ಸ್ಟ್ಯಾಂಡಿನ ಹತ್ತಿರ, ಯಾವುದೋ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಹತ್ತು ಹನ್ನೆರಡು ರೆಮಿಂಗ್ಟನ್, ಗೋದ್ರೆಜ್ ಯಂತ್ರಗಳ ಸದ್ದು. ಒಬ್ಬೊಬ್ಬರಿಗೆ ದಿನಕ್ಕೊಂದು ತಾಸು, ತಿಂಗಳಿಗೆ ಸಣ್ಣ ಫೀಸು. ಮೊದಲ ತಿಂಗಳು ಎ ಎಸ್ ಡಿ ಎಫ್ ಬಿಟ್ಟರೆ ಬೇರೆ ಇಲ್ಲ. ಗುರುಗಳು ಬೆನ್ನ ಹಿಂದೆ ನಿಂತಿರುತ್ತಿದ್ದರು. ತಪ್ಪು ಬೆರಳು ಬಿದ್ದರೆ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಆರು ತಿಂಗಳು ಹೋದವರು ಜೂನಿಯರ್ ಕಟ್ಟುತ್ತಿದ್ದರು, ಮುಂದೆ ಸೀನಿಯರ್. ನೇಕಾರರ ಮಕ್ಕಳು, ಹಮಾಲರ ಮಕ್ಕಳು, ಅಪ್ಪನಿಲ್ಲದ ಹುಡುಗಿಯರು ಆ ಮೆಟ್ಟಿಲು ಹತ್ತಿ ಕೋರ್ಟು, ಬ್ಯಾಂಕು, ತಾಲ್ಲೂಕು ಕಚೇರಿ ಸೇರಿದರು. ಅವರಲ್ಲಿ ಯಾರ ಮನೆಯಲ್ಲೂ ಟೈಪ್‌ರೈಟರ್ ಇರಲಿಲ್ಲ. ಇರಬೇಕೆಂದು ಯಾರೂ ಹೇಳಲೂ ಇಲ್ಲ. 'ಎಲ್ಲರ ಮನೆಯಲ್ಲೂ ಪೆನ್ನಿದೆ, ಟೈಪಿಂಗ್ ತಾನಾಗಿ ಬರಬೇಕು' ಎಂದು ಆಗ ಯಾರಾದರೂ ಅಂದಿದ್ದರೆ ಹುಚ್ಚು ಎನ್ನುತ್ತಿದ್ದರು. ಇವತ್ತು ಅದೇ ಮಾತನ್ನು ಮೊಬೈಲಿನ ಹೆಸರಲ್ಲಿ ಹೇಳುತ್ತಿದ್ದೇವೆ.

ಆ ಇನ್‌ಸ್ಟಿಟ್ಯೂಟುಗಳಲ್ಲಿ ಮೂರು ಸಂಗತಿಗಳು ಒಂದೇ ಸೂರಿನಡಿ ಇದ್ದವು: ದಿನವೂ ಮುಟ್ಟಲು ಸಿಗುವ ಯಂತ್ರ, ತಿಂಗಳುಗಟ್ಟಲೆ ಸಮಯ, ಪಕ್ಕದಲ್ಲೊಬ್ಬ ಮನುಷ್ಯ. ಯಂತ್ರ ಬದಲಾದಾಗ ಉಳಿದ ಎರಡನ್ನೂ ನಾವು ಕೈಬಿಟ್ಟೆವು.

ಕೈಬಿಟ್ಟ ಜಾಗವನ್ನು ತುಂಬಿದವನು ಸೈಬರ್ ಸೆಂಟರಿನವನು. ಅವನನ್ನು ಬೈಯುವುದು ಸುಲಭ, ನಾನು ಬೈಯಲಾರೆ. ಕೊನೆಯ ದಿನದ ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆದಿಟ್ಟು ಕೂತಿರುವ ಒಬ್ಬನೇ ಮನುಷ್ಯ ಅವನು. ಆದರೆ ಸರ್ಕಾರ ಮಾಡಬೇಕಾದ ಕೆಲಸವನ್ನು ಅವನು ತನ್ನ ಹೊಟ್ಟೆಪಾಡಿಗೆ ಮಾಡುತ್ತಾನೆ. ಹಾಗಾಗಿ ಅದು ಅವನ ಅನುಕೂಲದಂತೆಯೇ ನಡೆಯುತ್ತದೆ. ಅರ್ಜಿ ಹಾಕುವವಳಿಗೆ ಇಮೇಲ್ ಇಲ್ಲ ಎಂದರೆ ಎರಡು ನಿಮಿಷದಲ್ಲಿ ಒಂದು ಮಾಡಿಬಿಡುತ್ತಾನೆ. ಪಾಸ್‌ವರ್ಡ್ ಅವನೇ ಇಡುತ್ತಾನೆ, ಎಷ್ಟೋ ಸಲ ಎಲ್ಲ ಗಿರಾಕಿಗಳಿಗೂ ಒಂದೇ. ಮರೆತರೆ ಬೇಕಾಗುವ ಫೋನ್ ನಂಬರೂ ಅವನದೇ. ಆಕೆಗೆ ಸಿಗುವುದು ಒಂದು ಪ್ರಿಂಟು. ನಾಲ್ಕು ತಿಂಗಳ ಮೇಲೆ ಸಂದರ್ಶನದ ಪತ್ರ ಆ ಇಮೇಲಿಗೆ ಬರುತ್ತದೆ. ಅದನ್ನು ತೆರೆದು ನೋಡುವವರಿಲ್ಲ.

ಹೀಗೆ ಕರೆ ಬಂದದ್ದೇ ತಿಳಿಯದೆ ಅವಕಾಶ ಕಳೆದುಕೊಂಡ ಒಬ್ಬ ಹುಡುಗ ನನ್ನ ಮುಂದೆ ಕೂತಿದ್ದ. ಐಟಿಐ ಫಿಟ್ಟರ್, ಒಳ್ಳೆಯ ಅಂಕ. ಇನ್ನೊಂದು ಅರ್ಜಿ ಹಾಕಲು ಬಂದವನ ಹಳೆಯ ಇಮೇಲನ್ನು, ಅವನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಸೈಬರಿನವನಿಂದ ಪಾಸ್‌ವರ್ಡ್ ಕೇಳಿ ತೆರೆಸಿದೆ. ಸಾವಿರಾರು ಜಾಹೀರಾತುಗಳ ನಡುವೆ ಹೋದ ವರ್ಷದ ಆ ಪತ್ರವಿತ್ತು. ಅವನು ಅದನ್ನು ಎರಡು ಸಲ ಓದಿದ, ದಿನಾಂಕ ನೋಡಿದ, ಏನೂ ಮಾತಾಡಲಿಲ್ಲ. ನೇಮಕಾತಿ ಮಾಡುವವರ ಕಡತದಲ್ಲಿ ಅವನ ಹೆಸರಿನ ಮುಂದೆ 'ಗೈರುಹಾಜರು' ಎಂದಿರುತ್ತದೆ. 'ನಾವು ಕರೆದರೂ ಬರುವುದಿಲ್ಲ, ಇವರಿಗೆ ಕೆಲಸ ಬೇಕಿಲ್ಲ' ಎಂಬ ತೀರ್ಮಾನ ಹುಟ್ಟುವುದು ಇಂಥ ಕಡತಗಳಿಂದಲೇ.

ಇದಕ್ಕೆ ಸರ್ಕಾರಗಳು ಕೊಟ್ಟ ಉತ್ತರ ತರಬೇತಿ ಮತ್ತು ಸರ್ಟಿಫಿಕೇಟು. ಗ್ರಾಮೀಣ ಮನೆಗೊಬ್ಬರಂತೆ ಆರು ಕೋಟಿ ಜನರನ್ನು ಡಿಜಿಟಲ್ ಸಾಕ್ಷರರನ್ನಾಗಿ ಮಾಡುವ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಮಾರ್ಚ್ 31ಕ್ಕೆ ಮುಗಿದಾಗ 6.39 ಕೋಟಿ ಜನ ತರಬೇತಿ ಪಡೆದಿದ್ದರು. ಗುರಿ ಮೀರಿದ ಸಾಧನೆ ಎಂದು ಘೋಷಣೆಯಾಯಿತು. ತರಬೇತಿಯ ಅವಧಿ ಇಪ್ಪತ್ತು ಗಂಟೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಪ್ಪತ್ತು ಗಂಟೆಗೆ ನಾವು ಎ ಎಸ್ ಡಿ ಎಫ್ ದಾಟಿರಲಿಲ್ಲ. ಆ ಇಪ್ಪತ್ತು ಗಂಟೆಯೊಳಗೆ ಕಂಪ್ಯೂಟರ್ ತೆರೆಯುವುದು, ಇಂಟರ್ನೆಟ್, ಇಮೇಲ್, ನಗದುರಹಿತ ಪಾವತಿ, ಸರ್ಕಾರಿ ಸೇವೆಗಳು ಎಲ್ಲವೂ ಮುಗಿಯಬೇಕಿತ್ತು. ಕಲಿತವಳು ಮನೆಗೆ ಹೋದರೆ ಅಲ್ಲಿ ಕಂಪ್ಯೂಟರಿಲ್ಲ. ಕಲಿತದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮರೆತುಹೋಗಿರುತ್ತದೆ. ಅದು ಅವಳ ದಡ್ಡತನವೆ? ಹತ್ತು ದಿನ ಈಜು ಕಲಿಸಿ ಕೆರೆಗೆ ಬೇಲಿ ಹಾಕಿದಂತಾಯಿತು.

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಕಥೆ ನನ್ನನ್ನು ಇನ್ನೂ ಹೆಚ್ಚು ಕೆರಳಿಸುತ್ತದೆ. ಮೊದಲ ಮೂರು ಹಂತಗಳಲ್ಲಿ, 2021-22ರವರೆಗೆ, ಅಲ್ಪಾವಧಿ ತರಬೇತಿ ಪಡೆದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕ ಇಡುತ್ತಿದ್ದರು. ನಾಲ್ಕನೆಯ ಹಂತದಲ್ಲಿ ಆ ಲೆಕ್ಕವನ್ನೇ ಬಿಟ್ಟುಬಿಟ್ಟರು. ಕಲಿತವರು ತಮ್ಮ ದಾರಿ ತಾವು ಆರಿಸಿಕೊಳ್ಳಲು ಶಕ್ತರಾಗುವುದೇ ಗುರಿ ಎಂಬುದು ಸಂಸತ್ತಿಗೆ ಬಂದ ಉತ್ತರದ ಸಾರ. ಕೆಲಸಕ್ಕಾಗಿ ಕೊಟ್ಟ ತರಬೇತಿಯಲ್ಲಿ ಕೆಲಸ ಸಿಕ್ಕಿತೇ ಎಂದು ಕೇಳದಿದ್ದರೆ ಉಳಿಯುವುದು ಗೋಡೆಗೆ ಹಾಕುವ ಸರ್ಟಿಫಿಕೇಟು ಮಾತ್ರ. 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಇನ್ನೊಂದು ವಿಷಯ ಹೊರಗೆಡವಿತು. ಆ ಯೋಜನೆಯ ಪೋರ್ಟಲಿನಲ್ಲಿ ಶೇಕಡಾ 94ಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆಗಳಿದ್ದವು, ಇಲ್ಲವೆ ಖಾಲಿ ಇತ್ತು. ಇನಿಷಿಯಲ್ ಹಿಂದುಮುಂದಾದರೆ ಬಡವಳ ಅರ್ಜಿ ತಿರಸ್ಕಾರವಾಗುತ್ತದೆ. ಆಕೆಯ ಹೆಸರಿನಲ್ಲಿ ನಡೆಯುವ ಯೋಜನೆ ಮಾತ್ರ ಇಂಥ ದಾಖಲೆ ಇಟ್ಟುಕೊಂಡು ಹತ್ತು ವರ್ಷ ಓಡುತ್ತದೆ. ಹಾಗಾದರೆ ಡಿಜಿಟಲ್ ಶಿಸ್ತು ಯಾರಿಗೆ ಕಲಿಸಬೇಕು?

ತರಬೇತಿಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅದು ಹೇಗಿರಬೇಕು ಎಂದು ತೋರಿಸಿದವರು ನಮ್ಮಲ್ಲೇ ಇದ್ದಾರೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅದು ಸ್ವಂತ ಉದ್ಯೋಗ ಹಿಡಿಯುವವರಿಗಾಗಿ. ಅಲ್ಲಿನ ತರಬೇತಿಯೂ ಕೆಲವೇ ವಾರಗಳದು, ಊಟ ವಸತಿ ಉಚಿತ. ಆದರೆ ಶಿಬಿರ ಮುಗಿದ ದಿನ ಸಂಬಂಧ ಮುಗಿಯುವುದಿಲ್ಲ. ಕಲಿತವರ ಬೆನ್ನಿಗೆ ಎರಡು ವರ್ಷ ನಿಲ್ಲುವುದು, ಪತ್ರ ಬರೆಯುವುದು, ಮನೆಗೆ ಹೋಗಿ ನೋಡುವುದು, ಬ್ಯಾಂಕಿನ ಬಾಗಿಲಲ್ಲಿ ಜೊತೆಯಾಗುವುದು ಆ ಪದ್ಧತಿಯ ಜೀವಾಳ. ಅದನ್ನು ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಎಂಬ ಯೋಜನೆ ಮಾಡಿತು. ಬೆನ್ನಿಗೆ ನಿಲ್ಲುವ ಆ ಎರಡು ವರ್ಷವನ್ನು ಡಿಜಿಟಲ್ ತರಬೇತಿ ರೂಪಿಸಿದವರು ಯಾಕೆ ಕಲಿಯಲಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ನನ್ನ ಗೆಳೆಯರದು, ನಾನು ಗೌರವಿಸುವವರದು. ಕೆಲಸವೇ ಇಲ್ಲದಿರುವಾಗ ಅರ್ಜಿ ಹಾಕಲು ಕಲಿಸಿ ಏನು ಪ್ರಯೋಜನ ಎನ್ನುತ್ತಾರೆ. 25ರೊಳಗಿನ ಪದವೀಧರರಲ್ಲಿ ಶೇಕಡಾ 42ಕ್ಕೂ ಹೆಚ್ಚು ನಿರುದ್ಯೋಗಿಗಳು ಎಂದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿ ಹೇಳಿತ್ತು. ಕೆಲಸ ಕಡಿಮೆ ಎಂಬುದು ನಿಜ, ಅದಕ್ಕಾಗಿ ಬೀದಿಗಿಳಿಯಬೇಕಾದದ್ದೂ ನಿಜ. ಆದರೆ ಇರುವ ಕೆಲಸ ಯಾರ ಪಾಲಾಗುತ್ತದೆ? ಊರಿಗೊಂದೇ ಹುದ್ದೆ ಇದ್ದು ಮೂವತ್ತು ಮಂದಿ ಅರ್ಹರಿದ್ದಾಗ ಓಟಿಪಿ ಯಾರ ಫೋನಿಗೆ ಬರುತ್ತದೋ ಅವರ ಹೆಸರು ಪಟ್ಟಿಯಲ್ಲಿ ಮೇಲೇರುತ್ತದೆ. ಮೀಸಲಾತಿಗಾಗಿ ಹೋರಾಡಿ ಪಡೆದ ಹುದ್ದೆಗೂ ದಾರಿ ಇದೇ ಪುಟದ ಮೂಲಕ. ಬಾಗಿಲು ಕಿರಿದಾದಷ್ಟೂ ಯಾರು ಒಳಹೋಗುತ್ತಾರೆ ಎಂಬುದನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ.

ಹೊರಗುಳಿದವರಿಗಾಗಿ ಬೇರೆಯವರು ಕಾದಿರುತ್ತಾರೆ. 'ಮನೆಯಲ್ಲೇ ಕೂತು ಡೇಟಾ ಎಂಟ್ರಿ, ತಿಂಗಳಿಗೆ ಇಪ್ಪತ್ತೈದು ಸಾವಿರ, ನೋಂದಣಿಗೆ ಎರಡು ಸಾವಿರ ಕಟ್ಟಿ' ಎಂಬ ಸಂದೇಶ ನಮ್ಮ ಹಳ್ಳಿಯ ಪ್ರತಿ ಫೋನಿಗೂ ಬಂದಿದೆ. ಅದು ಕನ್ನಡದಲ್ಲೇ ಬರುತ್ತದೆ. ಅದಕ್ಕೆ ಐವತ್ತು ಕೆಬಿಯ ಫೋಟೊ ಬೇಡ, ಆರ್‌ಡಿ ನಂಬರ್ ಬೇಡ, ಒಂದು ಗುಂಡಿ ಒತ್ತಿದರೆ ಸಾಕು. ಮೋಸಗಾರರು ತಮ್ಮ ಬಾಗಿಲನ್ನು ಬಡವರಿಗೆ ಎಷ್ಟು ಸಲೀಸು ಮಾಡಿದ್ದಾರೆ ನೋಡಿ. ಹಣ ಹೋದ ಮೇಲೆ 1930ಕ್ಕೆ ಕೂಡಲೇ ಕರೆ ಮಾಡಬೇಕು ಎಂಬುದೂ ಬಹಳ ಮಂದಿಗೆ ಗೊತ್ತಿಲ್ಲ. ಸಂದೇಶ ಬಂದಾಗ 'ಇದು ನಿಜವೇನ್ರಿ' ಎಂದು ಕೇಳಲು ಊರಿನಲ್ಲಿ ಒಬ್ಬ ನಂಬುವ ಮನುಷ್ಯನಿದ್ದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ.

ಈಗ ಹೊಸ ಮಾತು ಶುರುವಾಗಿದೆ: ಎಐ ಬಂದಿದೆ, ಬಾಯಿ ಮಾತಿನಲ್ಲಿ ಹೇಳಿದರೆ ಯಂತ್ರವೇ ಅರ್ಜಿ ತುಂಬುತ್ತದೆ, ಕಲಿಸುವ ಗೊಡವೆಯೇ ಬೇಡ. ತುಂಬಲಿ, ನನ್ನ ಅಡ್ಡಿಯಿಲ್ಲ. ಆದರೆ ನಾಲ್ಕು ಹೆಸರುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದಕ್ಕೆ ಅಫಿಡವಿಟ್ ಮಾಡಿಸಬೇಕು ಎಂದು ಕಚೇರಿಯ ಕಿಟಕಿಯಲ್ಲಿ ಜಗಳವಾಡುವವರು ಯಾರು? ಯಂತ್ರ ತಪ್ಪು ತುಂಬಿದರೆ ತಿರಸ್ಕೃತವಾಗುವುದು ಯಾರ ಅರ್ಜಿ? ತನ್ನ ಹೆಸರಿನಲ್ಲಿ ಏನು ಬರೆಯಲಾಗಿದೆ ಎಂದು ಓದಿ ತಿದ್ದಲು ಬರದವಳಿಗೆ ಯಂತ್ರವೂ ಇನ್ನೊಬ್ಬ ಸೈಬರ್ ಸೆಂಟರಿನವನೇ.

ಭಾಷೆಯ ಮಾತೂ ಇಲ್ಲಿದೆ. ಹಲವು ರಾಜ್ಯಗಳ ಒತ್ತಾಯದ ಮೇಲೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರ ಜನವರಿಯಿಂದ ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು. ದೊಡ್ಡ ಗೆಲುವು. ಆದರೆ ಪರೀಕ್ಷಾ ಕೊಠಡಿಗೆ ಮುಟ್ಟುವ ಮೊದಲು ತುಂಬಬೇಕಾದ ಅರ್ಜಿ ಇಂಗ್ಲಿಷು ಹಿಂದಿಯಲ್ಲಿ. ಪರೀಕ್ಷೆ ಕನ್ನಡದಲ್ಲಿ ಬರೆಯಬಲ್ಲ ಹುಡುಗ ಅದರ ಹೊಸ್ತಿಲಲ್ಲೇ ಉಳಿಯಬಹುದು. ಕನ್ನಡದ ಹೋರಾಟಗಾರರು ಅಂಗಡಿಯ ಬೋರ್ಡುಗಳಿಗೆ ಕೊಟ್ಟ ಗಮನದ ಕಾಲು ಭಾಗವನ್ನು ಈ ಪುಟಗಳಿಗೆ ಕೊಡಲಿ ಎಂದು ಕೈಮುಗಿದು ಕೇಳುತ್ತೇನೆ.

ನಾನು ಬೇಡುತ್ತಿರುವುದು ಹೊಸ ಇಲಾಖೆಯನ್ನಲ್ಲ, ಹೊಸ ಆ್ಯಪನ್ನಂತೂ ಅಲ್ಲವೇ ಅಲ್ಲ. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. ಹಲವು ಕಡೆ ಕಂಪ್ಯೂಟರು, ಇಂಟರ್ನೆಟ್ಟು ಬಂದಿವೆ, ಮಕ್ಕಳು ಬರುತ್ತಿದ್ದಾರೆ. ದೇಶದ ಬಹಳಷ್ಟು ಕಡೆ ಇಷ್ಟು ಹತ್ತಿರಕ್ಕೆ ಇಂಥ ಜಾಗ ಸಿಗುವುದು ಕಷ್ಟ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಮ್ಮ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಜಾಗವಿದೆ, ಯಂತ್ರವಿದೆ, ಕರವಿದೆ. ಇಲ್ಲದಿರುವುದು ಪಕ್ಕದಲ್ಲಿ ಕೂರುವ ಮನುಷ್ಯ. ಗ್ರಂಥಾಲಯ ಮೇಲ್ವಿಚಾರಕರನ್ನು ವರ್ಷಗಟ್ಟಲೆ ಪುಡಿಗೌರವಧನದಲ್ಲಿ ದುಡಿಸಿದ್ದೇವೆ. ಅವರ ತಲೆಗೆ ಇದನ್ನೂ ಕಟ್ಟಿದರೆ ನಡೆಯದು. ಪ್ರತಿ ಕೇಂದ್ರಕ್ಕೂ ಒಬ್ಬರನ್ನು, ಅದೇ ಊರಿನ ಓದಿದ ಹೆಣ್ಣುಮಗಳೊಬ್ಬಳನ್ನು, ಪೂರ್ಣ ಸಂಬಳಕ್ಕೆ ನೇಮಿಸಿ. ಕೂಲಿ ಮುಗಿಸಿ ಬರುವವರಿಗೆ ಸಿಗುವಂತೆ ಸಂಜೆ ಎಂಟರವರೆಗೆ ಬಾಗಿಲು ತೆರೆದಿರಲಿ. ಒಬ್ಬೊಬ್ಬರಿಗೆ ದಿನಕ್ಕೊಂದು ತಾಸು, ಆರು ತಿಂಗಳು. ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಲೆಕ್ಕವೇ ಸಾಕು.

ಮನುಷ್ಯರು ಮನುಷ್ಯರಿಗೆ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯ ಇದೆ. ಕೇರಳದ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿಯಲ್ಲಿ ಸ್ವಯಂಸೇವಕರು ಉದ್ಯೋಗ ಖಾತರಿ ಕೆಲಸದ ಜಾಗಕ್ಕೇ ಹೋದರು. ಗುದ್ದಲಿ ಕೆಳಗಿಟ್ಟ ಹೊತ್ತಿನಲ್ಲಿ ಫೋನ್ ಕಲಿಸಿದರು. 2022ರಲ್ಲಿ ಅದು ಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿಯಾಯಿತು. 2025ರ ಆಗಸ್ಟಿನಲ್ಲಿ ರಾಜ್ಯವೇ ಹಾಗೆಂದು ಘೋಷಿಸಿಕೊಂಡಿತು. ಮನೆಮನೆಗೆ ಹೋಗಿ ಗುರುತಿಸಿ ಕಲಿಸಿದವರ ಸಂಖ್ಯೆ ಸುಮಾರು 22 ಲಕ್ಷ. ಘೋಷಣೆಯ ಸಂಭ್ರಮವನ್ನು ಬದಿಗಿಟ್ಟು ನೋಡಿದರೂ ಅವರು ಶುರುಮಾಡಿದ ಜಾಗ ಸರಿಯಾಗಿತ್ತು: ಯಾರಿಗೆ ಬರುವುದಿಲ್ಲ ಎಂದು ಮೊದಲು ಮನೆಗೆ ಹೋಗಿ ಕೇಳಿದರು.

ಅದೇ ವರ್ಷದ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಹೀನರು ಇ-ಕೆವೈಸಿಯಲ್ಲಿ ಪಡುವ ಕಷ್ಟದ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಕಣ್ಣು ಮಿಟುಕಿಸಲಾಗದ ಮುಖವನ್ನು ಯಂತ್ರ ಗುರುತಿಸದಿದ್ದರೆ ತಪ್ಪು ಮುಖದ್ದಲ್ಲ ಎಂದು ನ್ಯಾಯಾಲಯ ಒಪ್ಪಿತು. ತಮ್ಮನ ಫೋನನ್ನು ಕಾಯುತ್ತ ಕೂತವಳ ವಿಷಯದಲ್ಲೂ ಅದನ್ನೇ ಒಪ್ಪುವುದಕ್ಕೆ ನಮಗೆ ಇನ್ನೇನು ಅಡ್ಡಿ?

ಆಕೆ ಆ ಸಂಜೆಯ ನಂತರ ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಹದಿನೈದು ದಿನ ಬಿಟ್ಟು ಬಂದಳು. ಫ್ರೀ ಬಸ್ಸಿನಲ್ಲಿ ಎರಡು ಸಲ ತಾಲ್ಲೂಕಿಗೆ ಹೋಗಿ ಆಧಾರಿಗೆ ತನ್ನದೇ ನಂಬರು ಜೋಡಿಸಿಕೊಂಡಿದ್ದಳು. ಹಿಂದಿನದನ್ನು ಬಿಟ್ಟು ಹೊಸದೊಂದು ಇಮೇಲ್ ಬೇಕು ಎಂದಳು. ಕೀಬೋರ್ಡಿನ ಮುಂದೆ ಅವಳನ್ನೇ ಕೂರಿಸಿದೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಹೆಸರು ತುಂಬಿದಳು, ಹುಟ್ಟಿದ ದಿನಾಂಕ ತುಂಬಿದಳು. ಸುಮಾರು ಅರ್ಧ ತಾಸಾಯಿತು. ಪಾಸ್‌ವರ್ಡ್ ಕೇಳುವ ಪುಟ ಬಂದಾಗ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಸರ್, ಸ್ವಲ್ಪ ಆ ಕಡಿ ನೋಡ್ರಿ."

ನಾನು ಕಿಟಕಿಯ ಕಡೆ ತಿರುಗಿ ಕೂತೆ.